ಯಾವ ಸೊಸಾಯ್ಟಿ, ತಂಗಿ?

ಕಣಗಿನಹಾಳ

ಮೊಮ್ಮಗಳಿಗೆ,

  

ಮೊನ್ನೆ ಫೋನಿನಲ್ಲಿ ನೀನು "ನಮ್ಮ ಸೊಸೈಟಿಗೆ ನೀರ ಬಂದಿಲ್ಲ" ಅಂದಾಗ ನಿಮ್ಮಜ್ಜಿ "ಸೊಸಾಯ್ಟಿಗೆ ನೀರ ಯಾಕ ಬೇಕವಾ, ಗೊಬ್ಬರದ ಚೀಲ ತೊಯ್ಯೂದಿಲ್ಲೇನು?" ಅಂದಳು. ನೀನು ಅಲ್ಲಿ ನಕ್ಕಿ, ನಾನು ಇಲ್ಲಿ ನಕ್ಕೆ. ಯಾಕೆ ನಕ್ಕೆವು ಅಂತ ಆಕೆಗೆ ತಿಳಿಯಲಿಲ್ಲ. ಆಕೆಯ ಪಾಲಿಗೆ ಸೊಸಾಯ್ಟಿ ಅಂದರೆ ಯೂರಿಯಾ, ಡಿಎಪಿ ಚೀಲ ಒಟ್ಟಿದ ಗೋದಾಮು, ಅದರ ಮುಂದಿನ ಕಟ್ಟೆ, ಒಳಗೆ ಸೆಕ್ರೆಟ್ರಿಯ ಟೇಬಲ್ಲು. ನಿನ್ನ ಪಾಲಿಗೆ ಪುಣೆಯಲ್ಲಿ ಒಂದು ಗೇಟು, ವಾಚ್‌ಮನ್ನು, ಲಿಫ್ಟು, ನಾಲ್ಕು ಬಿಲ್ಡಿಂಗು. ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹಾರ ಮಾಡುವ ನಿನಗೆ ಈ ಶಬ್ದದ ಸಂಸಾರ ಎಷ್ಟು ದೊಡ್ಡದು ಅಂತ ಹೇಳಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದರೆ "ಹ್ಞೂಂ ಅಜ್ಜಾ" ಅನ್ನುತ್ತ ನೀನು ಕಂಪ್ಯೂಟರ್ ನೋಡುತ್ತಿರುತ್ತಿ. ಅದಕ್ಕೇ ಈ ಪತ್ರ.

ನಮ್ಮ ಕಡೆ ಈ ಶಬ್ದ ಎಲ್ಲೆಲ್ಲಿ ಹೊಕ್ಕಿದೆ ನೋಡು. "ಸೊಸಾಯ್ಟಿ ಮುಂದ ಇಳಕೊಳ್ರಿ" ಅಂದರೆ ಅದು ಜಾಗ. "ಸೊಸಾಯ್ಟಿ ಎತ್ತೀನಿ" ಅಂದರೆ ಬೆಳೆಸಾಲ ತಗೊಂಡಿದ್ದೇನೆ ಅಂತ. "ಸೊಸಾಯ್ಟಿ ತುಂಬಬೇಕು" ಅಂದರೆ ಆ ಸಾಲ ಕಟ್ಟುವ ದಿನ ಹತ್ತಿರ ಬಂತು. ಹೊಲ ಕೊಳ್ಳಲು ಹೋದವನು ಮೊದಲು ಕೇಳುವುದು "ಹೊಲದ ಮ್ಯಾಲ ಸೊಸಾಯ್ಟಿ ಐತೇನು?" ಎಂದು, ಅಂದರೆ ಉತಾರದಲ್ಲಿ (ಪಹಣಿಯಲ್ಲಿ) ಸಾಲದ ಬೋಜಾ ಇದೆಯೇ ಅಂತ. "ಅಂವ ಸೊಸಾಯ್ಟಿಗೆ ನಿಂತಾನ" ಅಂದರೆ ಡೈರೆಕ್ಟರ್ ಚುನಾವಣೆಗೆ ನಿಂತಿದ್ದಾನೆ. ಆ ತಿಂಗಳು ಅವನ ಮನೆಯ ಚಹಾಕ್ಕೆ ಬರವಿಲ್ಲ. ರೇಶನ್ ಅಂಗಡಿಯನ್ನೂ ಬಹಳ ಕಡೆ ಸೊಸಾಯ್ಟಿಗಳೇ ನಡೆಸಿದ್ದರಿಂದ "ಸೊಸಾಯ್ಟಿ ಅಕ್ಕಿ", "ಸೊಸಾಯ್ಟಿ ಸಕ್ಕರಿ" ಹುಟ್ಟಿದವು. ಅಲ್ಲಿ ಆ ಶಬ್ದಕ್ಕೆ ಅಗ್ಗದ್ದು, ಸ್ವಲ್ಪ ಕಲ್ಲು ಕೂಡಿದ್ದು ಎನ್ನುವ ಅರ್ಥವೂ ಅಂಟಿಕೊಂಡಿತು. ಬೀಗರು ಬಂದಾಗ ಸೊಸಾಯ್ಟಿ ಅಕ್ಕಿ ಬೇಯಿಸಿದಳೆಂದು ಸೊಸೆಯನ್ನು ಆಡಿಕೊಂಡ ಮನೆಗಳು ನನಗೆ ಗೊತ್ತು. ಬೋರ್ಡಿನ ಮೇಲೆ ಮಾತ್ರ "ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ" ಎಂದು ಉದ್ದಕ್ಕೆ ಬರೆದಿರುತ್ತದೆ. ಆ ಹೆಸರನ್ನು ಪೂರ್ತಿ ಉಚ್ಚರಿಸಿದ ರೈತನನ್ನು ನಾನಂತೂ ಕಂಡಿಲ್ಲ.

ಈ ಇಂಗ್ಲಿಷ್ ಶಬ್ದ ನಮ್ಮೂರಿಗೆ ಪುಸ್ತಕದಿಂದ ಬಂದದ್ದಲ್ಲ, ಕಾಯ್ದೆಯಿಂದ ಬಂದದ್ದು. ನೀನಿರುವ ಪುಣೆ ಜಿಲ್ಲೆಯ ಸುಪೆ ಎಂಬ ಊರಲ್ಲಿ 1875ರ ಮೇ ತಿಂಗಳಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಕಾಗದಗಳನ್ನು ಸುಟ್ಟರು. ದಂಗೆ ಪುಣೆ, ಅಹಮದನಗರದ ಹಳ್ಳಿಗಳಿಗೆ ಹಬ್ಬಿತು. ಸರಕಾರ ಬೆಚ್ಚಿತು. 1879ರಲ್ಲಿ ದಖ್ಖನ್ ರೈತರ ಪರಿಹಾರದ ಕಾಯ್ದೆ, 1883 ಮತ್ತು 84ರಲ್ಲಿ ತಗಾವಿ ಸಾಲದ, ಅಂದರೆ ಸರಕಾರವೇ ರೈತರಿಗೆ ಕೊಡುವ ಸಾಲದ, ಕಾಯ್ದೆಗಳು ಬಂದವು. ಆದರೂ ರೈತ ಸಾಹುಕಾರನ ಕಟ್ಟೆ ಇಳಿಯಲಿಲ್ಲ. ಮದ್ರಾಸ್ ಸರಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿಗೆ ಕಳಿಸಿ, ಅಲ್ಲಿನ ಬಡ ರೈತರು ಸಾಲ ಹೇಗೆ ಹುಟ್ಟಿಸಿಕೊಳ್ಳುತ್ತಾರೆ ನೋಡಿ ಬಾ ಅಂದಿತು. ಅವನು ಜರ್ಮನಿಯ ರೈಫೈಸನ್ ಕಟ್ಟಿದ ಹಳ್ಳಿ ಬ್ಯಾಂಕುಗಳನ್ನು ಕಂಡು ಬಂದು ದೊಡ್ಡ ವರದಿ ಬರೆದ. ಅದರ ಬೆನ್ನಿಗೆ, ಕರ್ಜನ್ ವೈಸರಾಯ್ ಆಗಿದ್ದಾಗ, 1904ರ ಮಾರ್ಚಿನಲ್ಲಿ ಕೋ-ಆಪರೇಟಿವ್ ಕ್ರೆಡಿಟ್ ಸೊಸೈಟೀಸ್ ಆಕ್ಟ್ ಬಂತು. ಆ ಹೆಸರಿನಲ್ಲಿ ನಮ್ಮ ನಾಲಿಗೆಗೆ ದಕ್ಕಿದ್ದು ಸೊಸೈಟಿ ಎಂಬ ಶಬ್ದ ಒಂದೇ.

ಮರುವರ್ಷ, 1905ರಲ್ಲಿ, ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸೊಸಾಯ್ಟಿ ಕಟ್ಟಿದರು. ಏಷ್ಯಾಕ್ಕೇ ಮೊದಲನೆಯದು ಅಂತ ನಮ್ಮ ಭಾಷಣಗಳಲ್ಲಿ ಹೇಳುತ್ತಾರೆ. ನೀನು ಯಾರ ಮುಂದಾದರೂ ಹೇಳುವಾಗ ಸ್ವಲ್ಪ ನೋಡಿಕೊಂಡು ಹೇಳು. ಜಪಾನಿನಲ್ಲಿ 1900ಕ್ಕೇ ಇಂಥ ಕಾಯ್ದೆ ಬಂದಿತ್ತು. ತಮಿಳುನಾಡಿನವರು 1904ರ ತಿರೂರಿನ ಹೆಸರು ಎತ್ತುತ್ತಾರೆ. ಬಡೋದೆಯಲ್ಲಿ ಯಾವ ಕಾಯ್ದೆಯ ಆಸರೆಯೂ ಇಲ್ಲದೆ 1889ರಲ್ಲೇ 'ಅನ್ಯೋನ್ಯ ಸಹಕಾರಿ ಮಂಡಳಿ' ಹುಟ್ಟಿತ್ತು. ಮೊದಲ ಸ್ಥಾನದ ಜಗಳ ಅವರಿಗೇ ಇರಲಿ. ನನಗೆ ಹೆಮ್ಮೆ ಇರುವುದು ಬೇರೆ ಕಾರಣಕ್ಕೆ: ಕಾಯ್ದೆಯ ಮಸಿ ಆರುವ ಮುಂಚೆ, ಎರೆಹೊಲದ ರೈತರು ಅದನ್ನು ನಂಬಿ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು.

ಅವರು ಒಪ್ಪಿದ್ದು ಸಣ್ಣ ಮಾತಲ್ಲ ತಂಗಿ. ಆ ಕಾಯ್ದೆಯಂತೆ ಹಳ್ಳಿ ಸೊಸಾಯ್ಟಿಯ ಹೊಣೆಗೆ ಮಿತಿ ಇರಲಿಲ್ಲ. ಸೊಸಾಯ್ಟಿ ಮುಳುಗಿದರೆ ನಿನ್ನ ಷೇರಿನ ಹಣ ಹೋಯಿತು, ಕೈ ತೊಳಕೊಂಡು ಮನೆಗೆ ನಡೆ ಅನ್ನುವ ಹಾಗಿಲ್ಲ. ಎತ್ತು, ಚಕ್ಕಡಿ, ಹೊಲ ಎಲ್ಲವೂ ಹೊಣೆ. ನೆರೆಯವನು ಸಾಲ ಕಟ್ಟದಿದ್ದರೆ ಅದು ಬಂದು ಬೀಳುವುದು ನಿನ್ನ ತಲೆಗೆ. ಹಾಗಾಗಿ ಯಾರಿಗೆ ಸಾಲ ಕೊಡಬೇಕು ಅಂತ ಕೂತು ಮಾತಾಡುವಾಗ ಕಾಗದ ಪತ್ರಕ್ಕಿಂತ ಮನುಷ್ಯನ ವಿಚಾರಣೆಯೇ ಹೆಚ್ಚು. ಇವನು ಎತ್ತು ಕೊಳ್ಳಲು ಕೇಳುತ್ತಾನೋ, ಮಗಳ ಮದುವೆಗೋ? ಜೂಜು ಆಡುತ್ತಾನೇನು? ಹೋದ ವರ್ಷದ ಹತ್ತಿ ಎಲ್ಲಿ ಹಾಕಿದ? ಸಾಹುಕಾರ ಹೊಲ ನೋಡಿ ಸಾಲ ಕೊಡುತ್ತಿದ್ದ, ಇವರು ಆಳು ನೋಡಿ ಕೊಡಬೇಕಾಗಿತ್ತು. ಒಂದು ಊರು ಇನ್ನೊಬ್ಬನ ಖಾಸಗಿ ಬದುಕಿಗೆ ಇಷ್ಟು ಮೂಗು ತೂರಿಸುವುದು ನಿನ್ನ ಕಾಲಕ್ಕೆ ಒಪ್ಪುವ ಮಾತಲ್ಲ, ಗೊತ್ತು. ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅಡವಿಡಲು ಏನೂ ಇಲ್ಲದವನ ನಡತೆಯೂ ಜಾಮೀನಾಗಬಲ್ಲದು ಅಂತ ಕಾಗದದ ಮೇಲೆ ಬಂದದ್ದು ಇದರಿಂದಲೇ.

ಆ ಕಾಯ್ದೆಯಲ್ಲಿದ್ದ ಇನ್ನೊಂದು ಮಾತನ್ನು ನಾನು ಸೆಕ್ರೆಟ್ರಿಯಾಗಿದ್ದಾಗ ತರಬೇತಿಯಲ್ಲಿ ಕೇಳಿ ಮೈ ಜುಮ್ಮೆಂದಿತ್ತು. (ನಾನು ಕೆಲಸ ಮಾಡಿದ್ದು ಬೇರೆ ಊರಿನ ಸೊಸಾಯ್ಟಿಯಲ್ಲಿ, ನೆನಪಿರಲಿ.) ಮಿತಿಯಿಲ್ಲದ ಹೊಣೆಯ ಸೊಸಾಯ್ಟಿಯಲ್ಲಿ ಯಾರು ಎಷ್ಟೇ ಹಣ ಹಾಕಿರಲಿ, ಒಬ್ಬನಿಗೆ ಒಂದೇ ಮತ. ಇದು 1904ರ ಮಾತು. ಈ ದೇಶದ ವಯಸ್ಕರಿಗೆಲ್ಲ ಮತ ಸಿಕ್ಕಿದ್ದು 1951-52ರ ಚುನಾವಣೆಯಲ್ಲಿ. ಅದಕ್ಕಿಂತ ಸುಮಾರು ಅರ್ಧ ಶತಮಾನ ಮೊದಲೇ ನಮ್ಮೂರ ಸಣ್ಣ ಹಿಡುವಳಿಯವನು ದೊಡ್ಡ ಗೌಡನ ಪಕ್ಕದಲ್ಲಿ ಸಮನಾಗಿ ಕೈ ಎತ್ತಬಹುದಿತ್ತು. ಎತ್ತಿದನೇ, ಗೌಡನ ಮುಖ ನೋಡಿ ಎತ್ತಿದನೇ ಎನ್ನುವುದು ಬೇರೆ ಪ್ರಶ್ನೆ. ಹಕ್ಕಂತೂ ಇತ್ತು.

ಅದೇ 1905ರ ಅಕ್ಟೋಬರಿನಲ್ಲಿ ಬೆಟಗೇರಿಯಲ್ಲೂ ಪತ್ತಿನ ಸೊಸಾಯ್ಟಿ ಆಯಿತು. ಡಿಸೆಂಬರಿನಲ್ಲಿ ಬೆಂಗಳೂರು ಸಿಟಿಯಲ್ಲಿ, ಮರುವರ್ಷ ಫೆಬ್ರವರಿಯಲ್ಲಿ ಗೋಕಾಕ, ಬೆಳಗಾವಿಗಳಲ್ಲಿ. ಅವು ಪೇಟೆಯವು, ಇಂದಿನ ಅರ್ಬನ್ ಬ್ಯಾಂಕುಗಳ ಹಿರಿಯರು. ಬೆಟಗೇರಿಯ ಮಗ್ಗ ಒಂದು ಕಡೆ, ಕಣಗಿನಹಾಳದ ಕೂರಿಗೆ ಇನ್ನೊಂದು ಕಡೆ. ಎರಡೂ ಒಂದೇ ವರ್ಷ ಒಂದೇ ಶಬ್ದ ಕಲಿತವು.

ನಿನಗೆ ಇನ್ನೊಂದು ಸೋಜಿಗ ಹೇಳಲೇ? ಅದೇ 1905ರ ಜೂನ್ 12ರಂದು ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಸರ್ವಂಟ್ಸ್ ಆಫ್ ಇಂಡಿಯಾ ಸೊಸೈಟಿ ಕಟ್ಟಿದರು. ಅಲ್ಲಿಯ ಸೊಸೈಟಿಗೆ ಸಾಲವೂ ಇಲ್ಲ, ಗೊಬ್ಬರವೂ ಇಲ್ಲ. ದೇಶಸೇವೆಗೆ ಬದುಕು ಕೊಡುತ್ತೇನೆ ಎಂದು ಪ್ರತಿಜ್ಞೆ ಮಾಡಿದ ಕೆಲವೇ ಜನರ ಗುಂಪು ಅದು. ಲ್ಯಾಟಿನ್ನಿನಲ್ಲಿ ಈ ಶಬ್ದದ ಬೇರು 'ಸೋಶಿಯಸ್', ಅಂದರೆ ಜೊತೆಗಾರ. ಮೂಲಕ್ಕೆ ಹತ್ತಿರವಾದದ್ದು ಗೋಖಲೆಯವರದೋ ಸಿದ್ದನಗೌಡರದೋ ಅಂತ ಯಾರಾದರೂ ಕೇಳಿದರೆ ನಾನು ನಮ್ಮೂರಿನ ಕಡೆಗೇ ವಾಲುತ್ತೇನೆ. ಪಕ್ಷಪಾತ ಅನ್ನು, ಅಡ್ಡಿಯಿಲ್ಲ. ರಜೆ ಇದ್ದ ದಿನ ಫರ್ಗ್ಯೂಸನ್ ಕಾಲೇಜಿನ ಆಚೆ ಗೋಖಲೆಯವರ ಆ ಸೊಸೈಟಿಯನ್ನು ನೋಡಿ ಬಾ.

ಶಾಲೆ ಕಾಲೇಜು ನಡೆಸುವ ಸೊಸೈಟಿಗಳು ಬೇರೆಯೇ ಜಾತಿಯವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಹುಟ್ಟುಹಾಕಿದ ಕೆಎಲ್‌ಇ ಸೊಸೈಟಿ ಅಂಥದು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಬೆಂಗಳೂರಿನಲ್ಲಿ 1909ರಿಂದ ಇರುವ ಮಿಥಿಕ್ ಸೊಸೈಟಿಯವರು ಶಾಸನ, ಇತಿಹಾಸ ಓದುವವರು. ಹೆಸರು ಕೇಳಿ ನಮ್ಮೂರ ಒಬ್ಬ ಹಿರಿಯರು "ಅಲ್ಲಿ ಬಡ್ಡಿ ಎಷ್ಟ ಹಿಡೀತಾರ?" ಎಂದು ನನ್ನನ್ನೇ ಕೇಳಿದ್ದುಂಟು.

ಇನ್ನು ನೀನು ಓದಿದ ಪುಸ್ತಕಗಳಲ್ಲಿ ಸೊಸೈಟಿ ಅಂದರೆ ಸಮಾಜ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ 'ಸಮಾಜ' ಅಂದರೇನು ಅಂತ ನಿನಗೆ ಗೊತ್ತು. "ಹುಡುಗ ನಮ್ಮ ಸಮಾಜದವನs ಅದಾನ" ಅನ್ನುತ್ತಾರೆ. "ಸಮಾಜದ ಕಲ್ಯಾಣ ಮಂಟಪ", "ಸಮಾಜದ ರುದ್ರಭೂಮಿ" ಅನ್ನುತ್ತಾರೆ. ಅಂದರೆ ಜಾತಿ. ಎಲ್ಲರನ್ನೂ ಒಳಗೊಳ್ಳಬೇಕಾಗಿದ್ದ ದೊಡ್ಡ ಶಬ್ದವನ್ನು ನಾವು ಒಂದು ಓಣಿಗೆ ಕಟ್ಟಿಹಾಕಿದೆವು. ಜಾತಿ ಅನ್ನಲು ನಾಚಿಕೆಯಾಗಿ ಸಮಾಜ ಅಂದೆವು, ನಾಚಿಕೆ ಹೋಯಿತು, ಜಾತಿ ಉಳಿಯಿತು. ಪರದೇಶದಿಂದ ಬಂದ ಸೊಸಾಯ್ಟಿ ಎಂಬ ಶಬ್ದಕ್ಕೆ ನಾನು ಮನಸೋತದ್ದು ಈ ಕಾರಣಕ್ಕೆ. ಸಮಾಜಕ್ಕೆ ಹುಟ್ಟಿ ಬರುತ್ತೇವೆ, ಸೊಸಾಯ್ಟಿಗೆ ಅರ್ಜಿ ಹಾಕಿ ಬರುತ್ತೇವೆ. ಒಂದರಿಂದ ಹೊರಬಿದ್ದರೆ ಹೆಣ ಹೊರಲು ಜನ ಸಿಗುವುದಿಲ್ಲ. ಇನ್ನೊಂದರಿಂದ ಷೇರು ವಾಪಸು ತಗೊಂಡು ರಾಜೀನಾಮೆ ಕೊಟ್ಟು ಬರಬಹುದು.

ಹಾಗಂತ ಸೊಸಾಯ್ಟಿಯನ್ನು ಹೊಗಳಿ ಅಟ್ಟಕ್ಕೇರಿಸಲಾರೆ. 1904ರ ಕಾಯ್ದೆಯಲ್ಲೇ, ರಿಜಿಸ್ಟ್ರಾರರು ಒಪ್ಪಿದರೆ, ಒಂದೇ ಜಾತಿಯ ಜನ ಕೂಡಿ ಸೊಸೈಟಿ ಮಾಡಿಕೊಳ್ಳಲು ದಾರಿ ಇತ್ತು. ನಮ್ಮವರು ಆ ದಾರಿಯನ್ನು ಇವತ್ತಿಗೂ ಬಿಟ್ಟಿಲ್ಲ. ಪೇಟೆಯ ಎಷ್ಟೋ ಕ್ರೆಡಿಟ್ ಸೊಸಾಯ್ಟಿಗಳ ಬೋರ್ಡು ಓದಿದರೆ ಯಾವ ಸಮಾಜದ್ದೆಂದು ಕೇಳುವ ಅಗತ್ಯ ಬೀಳುವುದಿಲ್ಲ. ಸಾಲದ ಲೆಕ್ಕವೂ ಹಾಗೇ. ಕಣಗಿನಹಾಳದ ನಂತರ ಅರ್ಧ ಶತಮಾನ ಕಳೆದ ಮೇಲೆ ರಿಸರ್ವ್ ಬ್ಯಾಂಕು ನಡೆಸಿದ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ, ಗೋರ್ವಾಲಾ ಸಮಿತಿಯ 1954ರ ವರದಿಯಲ್ಲಿ, ದೇಶದ ರೈತ ಎತ್ತಿದ ಸಾಲದಲ್ಲಿ ಸಹಕಾರಿ ಸೊಸಾಯ್ಟಿಗಳ ಪಾಲು ನೂರಕ್ಕೆ ಮೂರರಷ್ಟು ಎಂದು ಕಂಡಿತು. ಉಳಿದದ್ದರಲ್ಲಿ ಬಹುಪಾಲು ಸಾಹುಕಾರರದ್ದೇ. ಆಮೇಲೆ ಸರಕಾರ ಷೇರು ಹಾಕಿತು, ಹೊಣೆಗೆ ಮಿತಿ ಬಂತು, ಹಣ ಹರಿಯಿತು. ಹಣದ ಹಿಂದೆ ರಾಜಕಾರಣವೂ ಬಂತು. ನೆರೆಯ ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರಂಥವರು ಸಹಕಾರಿ ನೂಲಿನ ಗಿರಣಿಯನ್ನೇ ಎಬ್ಬಿಸಿದ್ದು ಈ ಕಾಲದ ಒಳ್ಳೆಯ ಮುಖ. ಇನ್ನೊಂದು ಮುಖವನ್ನು ನಾನು ಖಾತೆ ಬರೆಯುತ್ತ ಕಂಡೆ. ಮಾರ್ಚ್ ಬಂದರೆ ಸುಸ್ತಿದಾರರ ಯಾದಿ ಕಡಿಮೆ ತೋರಿಸಬೇಕು. ಬೆಳಿಗ್ಗೆ ಹಳೆ ಸಾಲ ತುಂಬಿದಂತೆ, ಮಧ್ಯಾಹ್ನ ಅದೇ ಮೊತ್ತ ಹೊಸದಾಗಿ ಎತ್ತಿದಂತೆ ಬರೆಯುವುದು. ಒಂದು ರೂಪಾಯಿಯೂ ಟೇಬಲ್ ದಾಟುತ್ತಿರಲಿಲ್ಲ. 2017ರಲ್ಲಿ ಐವತ್ತು ಸಾವಿರ, 2018ರಲ್ಲಿ ಒಂದು ಲಕ್ಷದವರೆಗೆ ಮನ್ನಾ ಆದಾಗ ಸಾಲ ತುಂಬಿದವರು ಪೆಚ್ಚಾದರು, ತುಂಬದವರು ಮೀಸೆ ತಿರುವಿದರು. ಬರಗಾಲದಲ್ಲಿ ಮನ್ನಾ ಬೇಡ ಅನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ. ಆದರೆ ನೆರೆಯವನ ಸಾಲಕ್ಕೆ ನಾನು ಹೊಣೆ ಎಂದು ಶುರುವಾದ ವ್ಯವಹಾರ, ನನ್ನ ಸಾಲಕ್ಕೇ ನಾನು ಹೊಣೆಯಲ್ಲ ಎನ್ನುವಲ್ಲಿಗೆ ಬಂದದ್ದು ಸಿದ್ದನಗೌಡರಿಗೆ ಹೇಗೆ ಕಂಡೀತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಇದಕ್ಕಿಂತ ನನ್ನನ್ನು ಕೊರೆದದ್ದು ಇನ್ನೊಂದು. ಬೆಳೆಸಾಲಕ್ಕೆ ಉತಾರ ಬೇಕು. ಉತಾರ ಇರುವುದು ಹೊಲ ಇದ್ದವರಿಗೆ. ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಂಗಸರು ಸೊಸಾಯ್ಟಿ ಕಟ್ಟೆಯ ಮೇಲೆ ನೆರಳಿಗೆ ಕೂಡುತ್ತಿದ್ದರು, ಒಳಗೆ ಬರುತ್ತಿದ್ದುದು ರೇಶನ್ನಿಗೆ ಮಾತ್ರ. ಮೆಂಬರ್ ರಜಿಸ್ಟರಿನಲ್ಲಿ ಹೆಣ್ಣಿನ ಹೆಸರು ಬಂದರೆ ಆಕೆ ಗಂಡ ತೀರಿದವಳು ಅಂತ ನೋಡದೆಯೇ ಹೇಳಬಹುದಿತ್ತು.

ನಿನ್ನ ಪುಣೆಯ ಸೊಸೈಟಿಯೂ ಇದೇ ಬಳ್ಳಿಯ ಕಾಯಿ ಅಂದರೆ ನಂಬುತ್ತೀಯಾ? 1904ರ ಕಾಯ್ದೆ ಬರೀ ಸಾಲದ ಸೊಸೈಟಿಗಳಿಗಾಗಿತ್ತು. 1912ರಲ್ಲಿ ಅದನ್ನು ಅಗಲ ಮಾಡಿ ಬೇರೆ ಕೆಲಸದ ಸೊಸೈಟಿಗಳಿಗೂ ಬಾಗಿಲು ತೆಗೆದರು. 1925ರಲ್ಲಿ ಮುಂಬಯಿ ಪ್ರಾಂತ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು. ನಾವೂ ಪುಣೆಯವರೂ ಆಗ ಅದರಡಿಯೇ ಇದ್ದೆವು. ರಾಜ್ಯಗಳು ಬೇರೆಯಾದ ಮೇಲೆ ನಮಗೆ 1959ರ ಕರ್ನಾಟಕದ ಕಾಯ್ದೆ, ಅವರಿಗೆ 1960ರ ಮಹಾರಾಷ್ಟ್ರದ್ದು. ನಿನ್ನ ಗೇಟಿನ ಬೋರ್ಡಿನಲ್ಲಿ "ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ" ಎಂದು ಇದ್ದರೆ ಆ ಕಾಯ್ದೆಯ ಕೆಳಗೇ ನೋಂದಣಿಯಾದದ್ದು. ಅಲ್ಲಿಯೂ ಷೇರು, ಅಲ್ಲಿಯೂ ಚೇರ್ಮನ್, ಸೆಕ್ರೆಟ್ರಿ, ವರ್ಷಕ್ಕೊಮ್ಮೆ ಸೆಪ್ಟೆಂಬರಿನೊಳಗೆ ಮಹಾಸಭೆ.

ಮನೆಗೆಲಸದ ಹೆಣ್ಣುಮಕ್ಕಳು ದೊಡ್ಡ ಲಿಫ್ಟಿನಲ್ಲಿ ಬರಬಾರದು ಅಂತ ಅಲ್ಲಿ ಚೀಟಿ ಅಂಟಿಸಿದ್ದಾರೆ ಎಂದು ನೀನು ಸಿಟ್ಟಿನಿಂದ ಹೇಳಿದ್ದಿ. ಸಿಟ್ಟು ಬರಲೇಬೇಕು. ಆದರೆ ಒಂದು ತಿಳಿದುಕೋ, ನೀನು ಅಲ್ಲಿ ಬಾಡಿಗೆಯವಳು. ಸೊಸೈಟಿಯಲ್ಲಿ ಇದ್ದೀ, ಸೊಸೈಟಿಯ ಮೆಂಬರ್ ಅಲ್ಲ. ನಿನಗೂ ಆ ಹೆಣ್ಣುಮಕ್ಕಳಿಗೂ ಆ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತವರ ಹಾಗೆ. ವ್ಯತ್ಯಾಸ ಇಷ್ಟೆ, ನಿನ್ನ ಮಾಲಕರಿಗೆ ಹಕ್ಕಿದೆ, ನಿನ್ನ ಮಾತು ಅವರ ತನಕ ಹೋಗುತ್ತದೆ. ಅವರಿಗೆ ಹೇಳು, ಸಭೆಯ ವಿಷಯಪಟ್ಟಿಗೆ ಸೇರಿಸಲು ಲಿಖಿತ ಕೊಡಲಿ. ವಾಟ್ಸಾಪಿನಲ್ಲಿ ಬೈದಾಡಿದರೆ ಏನೂ ಆಗುವುದಿಲ್ಲ. ಠರಾವು ಆಗಬೇಕು, ಠರಾವು ಪುಸ್ತಕದಲ್ಲಿ ಬರಬೇಕು. ಇಷ್ಟು ವರ್ಷ ಆ ಪುಸ್ತಕ ಬರೆದವನು ಹೇಳುತ್ತಿದ್ದೇನೆ, ಚೇರ್ಮನ್‌ರು ಹೆದರುವುದು ಅದೊಂದಕ್ಕೇ.

ಪತ್ರ ಉದ್ದವಾಯಿತು. ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಊರ ಸೊಸಾಯ್ಟಿಯಲ್ಲಿ ನನ್ನ ಷೇರು ಇದೆಯಲ್ಲ, ಅದಕ್ಕೆ ನಿನ್ನನ್ನು ನಾಮಿನಿ ಮಾಡಬೇಕು ಅಂತ ಮಾಡಿದ್ದೇನೆ. ನಿಮ್ಮಪ್ಪನಿಗೆ ಹೇಳಿ ಆಗಿದೆ, ಅವನ ತಕರಾರಿಲ್ಲ. ಆದರೆ ನಾಮಿನಿ ಆದ ಮಾತ್ರಕ್ಕೆ ಮೆಂಬರ್ ಆದಂತಲ್ಲ. ನನ್ನ ಹಿಂದಿನಿಂದ ಷೇರಿನ ಹಣ ನಿನಗೆ ಸಿಗಬಹುದು ಅಷ್ಟೆ, ಅದರಲ್ಲಿ ಒಂದು ಒಳ್ಳೆಯ ಸೀರೆಯೂ ಬರುವುದಿಲ್ಲ. ಮೆಂಬರ್ ಆಗುವುದಿದ್ದರೆ ನಿನ್ನ ಹೆಸರಿಗೆ ಹೊಲ ಇರಬೇಕು, ನೀನೇ ಅರ್ಜಿ ಹಾಕಬೇಕು. ಹಳ್ಳದ ಕಡೆಯ ಹೊಲದಲ್ಲಿ ನಿನ್ನ ಪಾಲು ಈಗಲೇ ನಿನ್ನ ಹೆಸರಿಗೆ ಹಚ್ಚೋಣ ಅಂತ ನಿಮ್ಮಜ್ಜಿಯ ಹಟ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನಮ್ಮ ರಾಜ್ಯ 1994ರಲ್ಲೇ ಕಾಯ್ದೆ ಮಾಡಿತು, ನಾವು ಈಗ ಎಚ್ಚರಾಗಿದ್ದೇವೆ.

ಪಂಚಮಿಗೆ ಬರುವಾಗ ಆಧಾರ್ ಕಾರ್ಡಿನ ಝೆರಾಕ್ಸ್ ಎರಡು, ಪಾಸ್‌ಪೋರ್ಟ್ ಅಳತೆಯ ಫೋಟೋ ನಾಲ್ಕು ತಗೊಂಡು ಬಾ. ಸೆಕ್ರೆಟ್ರಿ ಸೋಮವಾರ, ಗುರುವಾರ ಮಾತ್ರ ಸಿಗುತ್ತಾನೆ, ಅದನ್ನು ನೋಡಿ ರಜೆ ಹಾಕು. ಅಜ್ಜಿ ಶೇಂಗಾ ಹೋಳಿಗೆ ಮಾಡುತ್ತಾಳಂತೆ, ಡಬ್ಬಿ ತಾ ಎಂದಿದ್ದಾಳೆ.

ಇಂತಿ ನಿನ್ನ ಅಜ್ಜ